ಕೊಟ್ರಮ್ಮನಿಗೆ ನಾನು ಓದಿ ಹೇಳಿದ ಅರ್ಜಿ

ನಾನು ಕೊಟ್ರಮ್ಮನಿಗೆ ಒಂದು ಅರ್ಜಿ ಓದಿ ಹೇಳಿದೆ. ನಾನು ಓದಿದ್ದು ಆ ಕಾಗದದಲ್ಲಿ ಇರಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ನಾನು ಓದಲಿಲ್ಲ. ಅವಳು ನಂಬಿ ಸಹಿ ಮಾಡಿದಳು, ಇನ್ನೂ ಇಪ್ಪತ್ತೆರಡು ಹೆಂಗಸರಿಂದ ಸಹಿ ಮಾಡಿಸಿ ತಂದಳು, ಆ ಕಾಗದ ಬೆಂಗಳೂರಿನ ರಾಜಭವನಕ್ಕೆ ಹೋಯಿತು. ಮುಂದೆ ಅವಳು ಬಂದು ಕೇಳಿದಾಗ — ನಾಲ್ಕು ಜನರ ಎದುರಿಗೆ, ನನ್ನ ಮುಖ ನೋಡಿ ಕೇಳಿದಾಗ — ನಾನು ಸುಳ್ಳು ಹೇಳಿದೆ. ಇವೆರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಬಹಳ ದಿನ ತೂಗಿ ನೋಡಿದ್ದೇನೆ. ಎರಡನೆಯದೇ.

ನನ್ನ ಹೆಸರು ಹಾಲೇಶಪ್ಪ. ಹುಟ್ಟಿದ್ದು ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ, ಬದುಕಿದ್ದು ಜಗಳೂರಿನಲ್ಲಿ. ತಾಲ್ಲೂಕು ಕಚೇರಿಯ ಎದುರು ತಗಡಿನ ನೆರಳಿನಡಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ಜನರ ಅರ್ಜಿ ಬರೆದವನು. ಖಾತೆ ಬದಲಾವಣೆ, ಪಡಿತರ ಚೀಟಿ, ವಿಧವಾ ವೇತನ, ಬೋರ್‌ವೆಲ್ ಕೆಟ್ಟದ್ದು, ದಾಯಾದಿ ಬದು ಒತ್ತಿದ್ದು — ಎಲ್ಲವೂ ನನ್ನ ಪೆನ್ನಿನ ತುದಿಯಲ್ಲಿ ಹಾದುಹೋಗಿವೆ. ಊರಿನಲ್ಲಿ ನನ್ನನ್ನು ‘ಅರ್ಜಿ ಹಾಲೇಶಪ್ಪ’ ಎನ್ನುತ್ತಾರೆ. ಆ ಹೆಸರನ್ನು ನಾನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದೆ. ತಹಶೀಲ್ದಾರರು ಬದಲಾದರೂ ನಾನು ಬದಲಾಗುವುದಿಲ್ಲ ಎಂಬ ಒಂದು ಸೊಕ್ಕು ನನಗಿತ್ತು, ಈಗ ಹೇಳಿಕೊಳ್ಳಲು ನಾಚಿಕೆ ಏನು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಅರ್ಜಿ ಬರೆದ ಮೇಲೆ ಅರ್ಜಿದಾರರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆ ಕೊನೆಯಲ್ಲಿ ಒಂದು ಸಾಲು ಬರೆಯಬೇಕು — ‘ಓದಿ ಹೇಳಲಾಗಿದೆ. ಕೇಳಿ, ತಿಳಿದು, ಒಪ್ಪಿ ಸಹಿ ಮಾಡಿರುತ್ತಾರೆ.’ ಅದರ ಕೆಳಗೆ ಬರೆದವನ ಸಹಿ. ಒಮ್ಮೆ ಓದಿ ಹೇಳಿದ ಮೇಲೆ ‘ಎಲ್ಲಿ, ತೋರಿಸ್ರಿ’ ಎಂದು ಕಾಗದ ಕಿತ್ತುಕೊಂಡು ಓದುವವರು ನಮ್ಮ ಕಡೆ ಇಲ್ಲ. ಓದಲು ಬರುವವರೂ ಹಾಗೆ ಮಾಡುವುದಿಲ್ಲ. ಅದು ಬರೆದವನ ಮುಖಕ್ಕೆ ಹೊಡೆದ ಹಾಗೆ ಎಂದು ಭಾವಿಸುತ್ತಾರೆ. ಆ ಮರ್ಯಾದೆಯ ಮೇಲೆಯೇ ನಮ್ಮ ಕಸುಬು ನಿಂತಿರುವುದು. ನಾನು ಕಡಿದದ್ದು ಅದನ್ನೇ.

ನಡೆದದ್ದನ್ನು ಸರಿಯಾಗಿ ಹೇಳಬೇಕು — ನನ್ನ ಕಡೆ ವಾಲದ ಹಾಗೆ.

ಆ ವರ್ಷ ಸರ್ಕಾರಕ್ಕೂ ರಾಜ್ಯಪಾಲರಿಗೂ ಮಾತು ನಿಂತುಹೋಗಿತ್ತು. ಸರ್ಕಾರ ಒಂದು ಪಕ್ಷದ್ದು. ರಾಜ್ಯಪಾಲರು ಇನ್ನೊಂದು ಪಕ್ಷದವರು ದೆಹಲಿಯಿಂದ ಕಳಿಸಿದವರು. ಸದನ ಒಂದು ಮಸೂದೆ ಪಾಸು ಮಾಡುವುದು, ಅದು ಅಂಕಿತಕ್ಕೆ ರಾಜಭವನಕ್ಕೆ ಹೋಗುವುದು, ಅಲ್ಲೇ ಕೂರುವುದು. ಇವರು ಅವರ ಮೇಲೆ ಹೇಳಿಕೆ ಕೊಡುವುದು, ಅವರು ಇವರಿಗೆ ಪತ್ರ ಬರೆಯುವುದು. ನಾವು ಜಗಳೂರಿನ ಚಹಾದಂಗಡಿಯಲ್ಲಿ ಕಬಡ್ಡಿ ನೋಡಿದ ಹಾಗೆ ಅದನ್ನು ನೋಡುತ್ತಿದ್ದೆವು. ನಾನು ವಿರೋಧ ಪಕ್ಷದವನು. ಕಾರ್ಯಕರ್ತ ಎನ್ನುವಷ್ಟು ಓಡಾಡಿದವನಲ್ಲ, ಆದರೆ ಮೈಯೊಳಗೆ ಪಕ್ಷ ಇತ್ತು. ರಾಜ್ಯಪಾಲರು ಒಂದು ಕಡತ ವಾಪಸ್ ಕಳಿಸಿದರೆ ನನಗೆ ಅವತ್ತು ಚಹಾ ಹೆಚ್ಚು ರುಚಿಸುತ್ತಿತ್ತು. ಆ ಕಡತದಲ್ಲಿ ಏನಿತ್ತು, ಯಾರಿಗಾಗಿ ಇತ್ತು — ಅದನ್ನು ಕೇಳಿದ ನೆನಪು ನನಗಿಲ್ಲ.

ಹಾಗೆ ಹೋದ ಮಸೂದೆಗಳಲ್ಲಿ ಒಂದು, ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರದ್ದು. ಕೆಲಸಕ್ಕೆ ಭದ್ರತೆ, ಅರವತ್ತಾಗಿ ಮನೆಗೆ ಹೋದ ಮೇಲೆ ಬದುಕಿರುವ ತನಕ ಪಿಂಚಣಿ. ಎರಡೂ ಸದನಗಳಲ್ಲಿ ಪಾಸಾಗಿತ್ತು. ಒಂದೇ ಷರತ್ತು — ಕಾನೂನು ಜಾರಿಗೆ ಬರುವ ದಿನ ಅವರು ಕೆಲಸದಲ್ಲಿ ಇರಬೇಕು.

ಚನ್ನಗಿರಿಯಿಂದ ನನಗೆ ಕರೆ ಬಂತು. ಅಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರು ನಮ್ಮ ಪಕ್ಷಕ್ಕೆ ಜಿಲ್ಲೆಯಲ್ಲಿ ದೊಡ್ಡವರು. ಹೋದೆ. ಮಂಡಿಯ ಒಳಗೆ ಗೋಣಿಚೀಲಗಳ ನಡುವೆ ಕುರ್ಚಿ ಹಾಕಿಸಿ ಕೂರಿಸಿದರು, ಕೈಯಾರೆ ಎಲೆಯಡಿಕೆ ಕೊಟ್ಟರು.

“ಈ ಕಾನೂನು ನಿಲ್ಲಿಸಾಕಲ್ಲ ಹಾಲೇಶಪ್ಪ, ಸ್ವಲ್ಪ ತಡಿಯಾಕೆ,” ಅಂದರು. “ಎಲೆಕ್ಷನ್ ಹತ್ರ ಬಂತು. ಅವ್ರು ಮಾಡಿದ್ರು ಅನ್ನೋ ಹೆಸರು ಅವ್ರಿಗೆ ಹೋಗ್ಬಾರ್ದು. ನಾಳೆ ನಮ್ ಸರ್ಕಾರ ಬಂದ್ಮ್ಯಾಲೆ ನಾವೇ ಮಾಡಾಣ. ಅಡುಗೆಯೋರೇ ಬ್ಯಾಡ ಅಂತ ರಾಜ್ಯಪಾಲರಿಗೆ ಬರದ್ರೆ, ಅವ್ರಿಗೂ ವಾಪಸ್ ಕಳ್ಸಾಕೆ ಒಂದು ಕಾರಣ ಸಿಗ್ತೈತೆ.”

ಇದು ತಪ್ಪು ಎಂದು ನನಗೆ ಆಗಲೇ ಗೊತ್ತಿತ್ತೇ? ಗೊತ್ತಿತ್ತು. ಆದರೆ ಅವರು ಇನ್ನೂ ಒಂದು ಮಾತು ಹೇಳಿದರು. “ಟೈಪ್ ಮಾಡ್ಸಿದ್ರೆ ಎಲ್ಲಾ ಒಂದೇ ಥರ ಕಾಣ್ತೈತೆ. ಕೈಬರಹ ಬೇಕು. ಈ ಜಿಲ್ಲೆಯಾಗೆ ನಿಮ್ಮಂಗೆ ಬರಿಯೋರು ಯಾರವ್ರೆ? ನಿಮ್ ಅಕ್ಷರ ರಾಜಭವನಕ್ಕೆ ಹೋಗ್ಲಿ.”

ಅಲ್ಲಿಗೆ ನಾನು ಬಿದ್ದೆ. ಪಕ್ಷಕ್ಕಾಗಿ ಮಾಡಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಮೂವತ್ತು ವರ್ಷ ನನ್ನ ಅಕ್ಷರ ತಹಶೀಲ್ದಾರರ ಮೇಜಿಗೆ ಹೋಗಿ ಧೂಳು ತಿಂದಿತ್ತು. ಹೆಚ್ಚೆಂದರೆ ದಾವಣಗೆರೆಯ ಜಿಲ್ಲಾಧಿಕಾರಿ. ಈಗ ರಾಜ್ಯದ ಅತಿ ದೊಡ್ಡ ಮೇಜಿನ ಮೇಲೆ ಅದು ಕೂರುತ್ತದೆ — ಈ ಒಂದು ಯೋಚನೆಗೆ ನಾನು ಮಗುವಿನ ಹಾಗೆ ಹಿಗ್ಗಿದೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ ಮೊದಲ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ನಾಲ್ಕು ತಾಲ್ಲೂಕಿಗೆ ನಾಲ್ಕು ಅರ್ಜಿ ಬರೆದೆ — ಚನ್ನಗಿರಿಗೆ ಒಂದು, ಹೊನ್ನಾಳಿಗೆ, ನ್ಯಾಮತಿಗೆ, ಜಗಳೂರಿಗೆ. ನಾಲ್ಕನ್ನೂ ನಾಲ್ಕು ರೀತಿಯಲ್ಲಿ. ಒಂದರಲ್ಲಿ ಅಕ್ಷರ ಬಲಕ್ಕೆ ಬಾಗಿಸಿದೆ, ಒಂದರಲ್ಲಿ ಬೇಕೆಂದೇ ಎರಡು ತಪ್ಪು ಬಿಟ್ಟೆ. ‘ಈ ಮಸೂದೆಯು ಆಡಳಿತ ಪಕ್ಷದವರು ತಮ್ಮವರನ್ನು ಅಡುಗೆಮನೆಗಳಿಗೆ ತುಂಬಲು ತಂದಿರುವುದಾಗಿದ್ದು, ಬಡ ಅಡುಗೆಯವರಾದ ನಮಗೆ ಇದರಿಂದ ಅನ್ಯಾಯವಾಗುವುದರಿಂದ, ಘನವೆತ್ತ ತಾವು ಇದಕ್ಕೆ ಅಂಕಿತ ಹಾಕಬಾರದಾಗಿ ಬೇಡಿಕೊಳ್ಳುತ್ತೇವೆ’ — ಹೀಗೆ. ಬರೆದು ಮುಗಿಸಿ ದೂರ ಹಿಡಿದು ನೋಡಿದೆ. ಚೆನ್ನಾಗಿತ್ತು ಎಂದು ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತದೆ.

ಚನ್ನಗಿರಿ, ಹೊನ್ನಾಳಿಯ ಸಹಿಗಳನ್ನು ಸಾಹುಕಾರರ ಕಡೆಯವರು ನೋಡಿಕೊಂಡರು. ನ್ಯಾಮತಿಗೆ ನಾನೇ ಹೋದೆ. ನನ್ನ ಊರು ಗೋವಿನಕೋವಿಯಲ್ಲಿ ಅಡುಗೆಯವಳು ದೂರದ ಸಂಬಂಧಿ. ಏನು, ಎತ್ತ ಎಂದು ಕೇಳದೆ ಸಹಿ ಹಾಕಿ ಊಟಕ್ಕೆ ಕೂರಿಸಿದಳು. ಅಲ್ಲಿಂದ ಸೂರಗೊಂಡನಕೊಪ್ಪಕ್ಕೆ ಹೋದೆ. ಅಲ್ಲಿನ ಲಂಬಾಣಿ ಹೆಂಗಸೊಬ್ಬಳು ಕಾಗದದಲ್ಲಿ ಇಲ್ಲದ್ದನ್ನು ನಾನು ಓದಿ ಹೇಳಿದ್ದನ್ನೆಲ್ಲ ಕೇಳಿದಳು. ಕೇಳಿ, ಸೆರಗಿಗೆ ಕೈ ಒರೆಸಿಕೊಂಡು, “ನನ್ ಸೊಸೆ ಪೇಟೆಯಿಂದ ಬರ್ಲಿ ರೀ. ಅಕಿ ಒಂದ್ಸಲ ಓದ್ಲಿ. ಆಮ್ಯಾಲೆ ಹಾಕ್ತೀನಿ,” ಅಂದಳು.

‘ನಂಬಿಕೆ ಇಲ್ಲದಿದ್ದರೆ ಬಿಡಮ್ಮ’ ಎಂದು ಗದರಿ ಕಾಗದ ಮಡಚಿಕೊಂಡು ಎದ್ದು ಬಂದೆ. ಸಿಟ್ಟು ಬಂದಿತ್ತು ಎಂದು ಅವತ್ತು ಅಂದುಕೊಂಡೆ. ಅದು ಸಿಟ್ಟಲ್ಲ, ಭಯ. ಇನ್ನು ಗುರುತಿಲ್ಲದವರ ಹತ್ತಿರ ಹೋಗಬಾರದು ಎಂದು ತೀರ್ಮಾನ ಮಾಡಿ, ನ್ಯಾಮತಿಯ ಉಳಿದ ಸಹಿಗಳನ್ನೂ ಸಾಹುಕಾರರ ಕಡೆಯವರಿಗೇ ಬಿಟ್ಟೆ. ನನ್ನನ್ನು ನಂಬುವವರು ಎಲ್ಲಿದ್ದಾರೋ ಅಲ್ಲಿಗೆ ಹೋದೆ. ಈ ವಾಕ್ಯವನ್ನು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿಮಗೆ ಹೇಳಲಾರೆ.

ಕೊಟ್ರಮ್ಮ ಸೊಕ್ಕೆಯ ಹತ್ತಿರದ ಹಳ್ಳಿಯವಳು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನಗಳಿಂದ ಅಡುಗೆಯವಳು. ಆ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವನು ನಾನೇ. ಅದಕ್ಕೂ ಮುಂಚೆ ಅವಳ ಗಂಡ ತೀರಿಕೊಂಡಾಗ ಮರಣ ಪತ್ರ, ವಿಧವಾ ವೇತನ — ಅವೂ ನನ್ನವೇ. ಜಗಳೂರಿಗೆ ಸಂತೆಗೆ ಬಂದರೆ ನನ್ನ ಮೇಜಿನ ಹತ್ತಿರ ನಿಂತು, “ಅಣ್ಣಾ, ಚೆನ್ನಾಗಿದ್ದೀರಾ?” ಎಂದು ಕೇಳದೆ ಹೋದವಳಲ್ಲ.

ನಾನು ಹೋದಾಗ ಹೊತ್ತು ಹತ್ತೂವರೆ ಇದ್ದಿರಬೇಕು. ಅವಳ ಜೊತೆಗಾತಿ ಮದುವೆಗೆಂದು ರಜೆ ಹಾಕಿದ್ದಳು, ಕೊಟ್ರಮ್ಮ ಒಬ್ಬಳೇ ಇದ್ದಳು. ಸಿಲಿಂಡರ್ ಖಾಲಿಯಾಗಿ ಸೌದೆ ಒಲೆ ಹಚ್ಚಿದ್ದಳು. ಅಡುಗೆಕೋಣೆಯ ತುಂಬ ಹೊಗೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

“ಏನಣ್ಣಾ, ಇಷ್ಟು ದೂರ?”

“ನಿಮಗೋಸ್ಕರ ಒಂದು ಅರ್ಜಿ ಬರ್ದೀನಿ. ಕೇಳು,” ಅಂದೆ.

ನಾನು ಕಾಗದ ಬಿಚ್ಚಿ ಹಿಡಿದೆ. ಕಣ್ಣು ಸಾಲುಗಳ ಮೇಲೆ ಓಡಿಸಿದೆ. ಬಾಯಲ್ಲಿ ಬೇರೆಯದೇ ಹೇಳುತ್ತ ಹೋದೆ. ‘ನಾವು ಮಕ್ಕಳಿಗೆ ಅನ್ನ ಬೇಯಿಸುವವರು. ಸಿಲಿಂಡರ್ ತಿಂಗಳ ಕೊನೆಗೆ ಮುಗಿದರೆ ಹದಿನೈದು ದಿನ ಬರುವುದಿಲ್ಲ. ಸೌದೆಯ ಹೊಗೆಗೆ ನಮ್ಮ ಕಣ್ಣು ಹೋಗುತ್ತಿವೆ. ಅಡುಗೆಕೋಣೆಗೆ ಕಿಟಕಿ ಇಲ್ಲ. ಮಕ್ಕಳು ಉಂಡು ಎದ್ದ ಮೇಲೆ ನಾವು ಉಣ್ಣುತ್ತೇವೆ. ಸಾರು ಕಡಿಮೆ ಬಿದ್ದರೆ ಉಣ್ಣುವುದಿಲ್ಲ...’ ಎದುರಿಗಿದ್ದ ಒಲೆ, ಅವಳ ಕೆಂಪು ಕಣ್ಣು ನೋಡಿಕೊಂಡು ಅಲ್ಲಲ್ಲೇ ಹುಟ್ಟಿಸಿ ಹೇಳಿದೆ. ನನ್ನ ಇಡೀ ಆಯುಷ್ಯದಲ್ಲಿ ಅಂಥ ಅರ್ಜಿ ನಾನು ಬರೆದಿಲ್ಲ. ಅದನ್ನೂ ಬರೆಯಲಿಲ್ಲ. ಗಾಳಿಯಲ್ಲಿ ಹೇಳಿ, ಗಾಳಿಯಲ್ಲೇ ಬಿಟ್ಟೆ.

ಕೊಟ್ರಮ್ಮ ಅಳುತ್ತಿದ್ದಳು. “ನಮ್ ಹೊಟ್ಟೆಯಾಗಿಂದು ಹೆಂಗ್ ತಿಳೀತು ನಿಮಗೆ?” ಅಂದಳು. ನಾನು ಬೇರೆಯಾಗಿ ಕೊಟ್ಟ ಸಹಿ ಹಾಳೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಮಾಡಿದಳು. ಆಮೇಲೆ ಅವಳೇ ಹೇಳಿದಳು — “ನೀವು ಈ ಬಿಸಿಲಾಗೆ ಅಲಿಯೋದು ಬ್ಯಾಡ. ಸಹಿ ಹಾಳೆ ನನ್ ಕೈಯಾಗೆ ಕೊಡ್ರಿ. ಸುತ್ತಮುತ್ತಲ ಸಾಲೆಯೋರು ಎಲ್ಲಾ ನನಗೆ ಗೊತ್ತವ್ರೆ. ನಾನು ಹಾಕಿಸ್ಕೊಂಡು ಬರ್ತೀನಿ.”

ಬೇಡ ಎನ್ನಬಹುದಿತ್ತು. ಅವಳೊಬ್ಬಳ ಸಹಿ ಇದ್ದಿದ್ದರೆ ನಾನೇ ಹಾಳೆ ಹರಿದು ಬಿಸಾಡುತ್ತಿದ್ದೆನೋ ಏನೋ... ಇಲ್ಲ, ಹಾಗೆ ಹೇಳುವುದು ತಪ್ಪು. ಕೊಟ್ಟೆ. ‘ಬಿಸಿಯೂಟ ಅಡುಗೆಯವರ ಮನವಿ’ ಎಂಬ ತಲೆಬರಹ, ಅವಳ ಸಹಿ ಬಿಟ್ಟರೆ ಬೇರೇನೂ ಇಲ್ಲದ ಹಾಳೆ ಅವಳ ಕೈಗೆ, ಅರ್ಜಿ ನನ್ನ ಚೀಲದೊಳಗೆ. ಅವಳು ವಾರವಿಡೀ ಸಂಜೆ ಹೊತ್ತು ನಡೆದು, ಬಸ್ಸು ಹತ್ತಿ, ಹಳ್ಳಿಯಿಂದ ಹಳ್ಳಿಗೆ ಹೋಗಿ ಇಪ್ಪತ್ತೆರಡು ಸಹಿ ತಂದಳು. ನಾನು ಬಾಯಲ್ಲಿ ಹೇಳಿದ್ದನ್ನು ಅವಳು ನೆನಪಿಟ್ಟುಕೊಂಡು ಎಲ್ಲರಿಗೂ ಹಾಗೇ ಹೇಳಿದ್ದಳಂತೆ. ಹಾಳೆ ಕೊಡುವಾಗ ಅವಳ ಮುಖದಲ್ಲಿದ್ದ ಸಂತೋಷ ನನಗೆ ಈಗಲೂ ನೆನಪಿದೆ.

ನಾನು ಅರ್ಜಿಯ ಕೆಳಗೆ ಪದ್ಧತಿಯ ಪ್ರಕಾರ ಬರೆದೆ — ‘ಓದಿ ಹೇಳಲಾಗಿದೆ. ಕೇಳಿ, ತಿಳಿದು, ಒಪ್ಪಿ ಸಹಿ ಮಾಡಿರುತ್ತಾರೆ.’ ನನ್ನ ಸಹಿಯನ್ನೂ ಹಾಕಿದೆ.

ಮಸೂದೆ ವಾಪಸ್ ಬಂತು. ರಾಜ್ಯಪಾಲರು ಕೇಳಿದ ವಿವರಣೆಗಳಲ್ಲಿ ಒಂದು, ಅಡುಗೆಯವರೇ ವಿರೋಧಿಸಿದ್ದಾರಲ್ಲ ಎಂಬುದು. ನಾನು ಅವರನ್ನು ದೂರುವುದಿಲ್ಲ; ಅವರ ಮುಂದೆ ಇದ್ದದ್ದು ಸಹಿ ಸಮೇತ ನಾನು ಬರೆದ ಕಾಗದ. ಸದನ ಮತ್ತೆ ಕೂತು, ಮತ್ತೆ ಪಾಸು ಮಾಡಿದರೆ ಅವರು ಅಂಕಿತ ಹಾಕಲೇಬೇಕು. ಆದರೆ ಸದನ ಕೂರಬೇಕಲ್ಲ. ಒಂದು ಅಧಿವೇಶನ ಕೂಗಾಟದಲ್ಲಿ ಹೋಯಿತು. ಇವರು ಅವರ ಮೇಲೆ, ಅವರು ಇವರ ಮೇಲೆ. ಸಾಹುಕಾರರು ಫೋನು ಮಾಡಿ, “ನಿಮ್ಮ ಪೆನ್ನಿಗೆ ಸಿಡಿಗುಂಡಿನ ಶಕ್ತಿ ಐತೆ ಬಿಡ್ರಿ,” ಅಂದರು. ನಾನು ಹಲ್ಲುಕಿಸಿದೆ.

ಆಡಳಿತ ಪಕ್ಷದವರು ಸುಮ್ಮನಿರಲಿಲ್ಲ. ಸಹಿ ಹಾಳೆಯ ಫೋಟೋ ಹೇಗೋ ಸಂಪಾದಿಸಿ ಮೊಬೈಲಿನಲ್ಲಿ ಹರಿಯಬಿಟ್ಟರು — ‘ನಿಮ್ಮ ಅನ್ನಕ್ಕೆ ಮಣ್ಣು ಹಾಕಿದವರು ಇವರೇ.’ ಮೊದಲ ಸಹಿ ಕೊಟ್ರಮ್ಮನದು. ಉಳಿದ ಇಪ್ಪತ್ತೆರಡು ಜನ ಒಂದೇ ಮಾತು ಹೇಳಿದರು: ‘ಗ್ಯಾಸಿಗೆ ಅಂತ ಹೇಳಿ ಕೊಟ್ರಮ್ಮ ಹಾಕಿಸಿಕೊಂಡು ಹೋದಳು.’ ಅದು ನಿಜವೂ ಆಗಿತ್ತು. ಅವಳು ಪಕ್ಷದವರಿಗೆ ಮಾರಿಕೊಂಡಳು ಅಂದರು. ಯಾರೂ ನನ್ನ ಹೆಸರು ಎತ್ತಲಿಲ್ಲ. ಬರೆಯುವವನು ಬರೆದ, ಅವನದೇನು?

ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಜೊತೆಗೆ ಅಡುಗೆಯವರ ಸಂಘದ ಅಧ್ಯಕ್ಷೆ ರತ್ನಮ್ಮ, ಇನ್ನೂ ಮೂವರು ಹೆಂಗಸರು. ಕೊಟ್ರಮ್ಮನ ಮುಖ ಇಳಿದುಹೋಗಿತ್ತು, ಆದರೆ ನನ್ನನ್ನು ನೋಡಿದ ಕೂಡಲೆ ಧೈರ್ಯ ಬಂದವಳ ಹಾಗೆ ಕಂಡಳು.

“ಅಣ್ಣಾ, ಅವತ್ತು ನೀವು ಓದಿದ್ರಲ್ಲ — ಗ್ಯಾಸಿಂದು, ಹೊಗಿದು. ಹೌದೋ ಅಲ್ಲೋ, ಇವ್ರಿಗೆ ಹೇಳ್ರಿ. ನಿಮ್ ಬಾಯಾಗೆ ಒಂದ್ ಮಾತು ಬಂದ್ರೆ ಸಾಕು.”

ನನ್ನ ಹತ್ತಿರ ಅರ್ಜಿಯ ನಕಲು ಇತ್ತು. ಅದನ್ನು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಅದೇ ನನಗೆ ಈಗಲೂ ಅರ್ಥವಾಗದ್ದು.

“ಕಾಗದದಾಗೆ ಏನೈತೋ ಅದನ್ನೇ ಓದಿ ಹೇಳಿದ್ದೆ ಕಣಮ್ಮ. ನೀನು ಕೇಳಿ, ಒಪ್ಪೇ ಸಹಿ ಮಾಡಿದ್ದು.”

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಬೈಯಲಿಲ್ಲ. ಬೈದಿದ್ದರೆ ನಾನು ವಾಪಸ್ ಬೈದು ನನ್ನ ಸುಳ್ಳನ್ನೇ ನಂಬಿಕೊಳ್ಳುತ್ತಿದ್ದೆ. ನನ್ನ ಮೇಲೆ ಅವಳಿಗೆ ಎಷ್ಟು ನಂಬಿಕೆ ಇತ್ತೆಂದರೆ, ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುವುದಕ್ಕಿಂತ ತಾನು ತಪ್ಪಿದೆ ಎನ್ನುವುದೇ ಅವಳಿಗೆ ಸುಲಭವಾಯಿತು. ರತ್ನಮ್ಮನ ಕಡೆ ತಿರುಗಿ, “ಹಂಗಾದ್ರೆ ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಬಿಡ್ರಿ,” ಅಂದಳು. ನಿಧಾನವಾಗಿ ಹೋದಳು. ನಾನು ಮುಂದಿನವರನ್ನು ಕರೆದೆ.

ಆ ಶಾಲಾ ವರ್ಷದ ಕೊನೆಗೆ ಕೊಟ್ರಮ್ಮನಿಗೆ ಅರವತ್ತು ತುಂಬಿತು. ಶಾಲು ಹೊದಿಸಿ, ಹಣ್ಣು ಕೊಟ್ಟು ಮನೆಗೆ ಕಳಿಸಿದರು. ಅವಳ ಜೊತೆಯವರು ಯಾರೂ ಬಂದಿರಲಿಲ್ಲವಂತೆ. ಮುಂದಿನ ಅಧಿವೇಶನದಲ್ಲಿ ಮಸೂದೆ ಮತ್ತೆ ಪಾಸಾಯಿತು, ಅಂಕಿತ ಬಿತ್ತು, ಕಾನೂನು ಜಾರಿಗೆ ಬಂತು. ಆ ದಿನ ಕೆಲಸದಲ್ಲಿದ್ದವರಿಗೆಲ್ಲ ಅದರ ಫಲ ದಕ್ಕಿತು — ಸಹಿ ಹಾಕಿದ ಆ ಇಪ್ಪತ್ತೆರಡು ಜನರಿಗೂ. ಕೊಟ್ರಮ್ಮನಿಗೆ ದಕ್ಕಲಿಲ್ಲ. ‘ದೇವರು ನೋಡಿಕೊಂಡ’ ಎಂದು ಜನ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಸಾಹುಕಾರರು ಹೇಳಿದಂತೆ ನಾವು ನಿಲ್ಲಿಸಲಿಲ್ಲ, ಸ್ವಲ್ಪ ತಡೆದೆವು ಅಷ್ಟೆ. ಆ ಸ್ವಲ್ಪದಲ್ಲಿ ಒಬ್ಬಳ ಮುಂದಿನ ಬದುಕು ಹೋಯಿತು. ಹೆಸರು ಯಾವ ಪಕ್ಷಕ್ಕೆ ಬಂತು ಎಂದು ಈಗ ಚಹಾದಂಗಡಿಯಲ್ಲಿ ಯಾರಿಗೂ ನೆನಪಿಲ್ಲ.

ಇಷ್ಟಾದ ಮೇಲಾದರೂ ನಾನು ಹೇಳಿದೆನೇ? ಇಲ್ಲ. ಅವಳು ಈರುಳ್ಳಿ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ ಎಂದು ಕೇಳಿದೆ — ಸುಮ್ಮನಿದ್ದೆ. ಸಂತೆಯ ದಿನ ನನ್ನ ಮೇಜು ಬಳಸಿಕೊಂಡು ಆಚೆ ಬದಿಯಿಂದ ಹೋಗುವುದನ್ನು ನೋಡಿದೆ — ತಲೆ ತಗ್ಗಿಸಿ ಬರೆಯುತ್ತಿರುವವನ ಹಾಗೆ ನಟಿಸಿದೆ. ಹೀಗೆ ಮೂರು ವರ್ಷ.

ಈ ವರ್ಷ ಜಗಳೂರಿನಲ್ಲಿ ಉಚಿತ ಆರೋಗ್ಯ ಶಿಬಿರ ನಡೆಯಿತು. ಬಂದವರ ಹೆಸರು, ವಯಸ್ಸು, ತೊಂದರೆ ಬರೆದು ಚೀಟಿ ಕೊಡಲು ನನ್ನನ್ನು ಬಾಗಿಲ ಹತ್ತಿರ ಕೂರಿಸಿದ್ದರು. ಸಾಲಿನಲ್ಲಿ ಕೊಟ್ರಮ್ಮ ಬಂದಳು. ಆಚೀಚೆ ಹೋಗಲು ಇಬ್ಬರಿಗೂ ದಾರಿ ಇರಲಿಲ್ಲ. ಹೆಸರು ಕೇಳದೆ ಬರೆದೆ. ಆಮೇಲೆ ಕೇಳಲೇಬೇಕಾಯಿತು — “ಏನು ತೊಂದರೆ?”

“ಕಿವಿ ಅಣ್ಣಾ,” ಅಂದಳು. ದನಿಯಲ್ಲಿ ಕೊಂಕಿರಲಿಲ್ಲ. “ಅವತ್ತಿಂದ ನನ್ ಕಿವಿ ಮ್ಯಾಲೆ ನನಗೇ ನಂಬಿಕೆ ಹೋಗೈತೆ. ಯಾರು ಏನಂದ್ರೂ ಎಲ್ಡೆಲ್ಡು ಸಲ ಕೇಳ್ತೀನಿ. ಮೊಮ್ಮಗ್ಳು ಬೈತಾಳೆ.”

ನಾನು ಚೀಟಿಯಲ್ಲಿ ಬರೆದೆ — ‘ಕಿವಿ ಸರಿಯಾಗಿ ಕೇಳಿಸುವುದಿಲ್ಲ.’ ಹೌದು, ಅದನ್ನೂ ನನ್ನ ಕೈಯಾರೆ ಬರೆದೆ. ಅರ್ಧ ಗಂಟೆಯಾದ ಮೇಲೆ ಅವಳು ಹೊರಗೆ ಬಂದಳು. ನಾನು ಕೇಳದಿದ್ದರೂ ಹೇಳಿದಳು: “ಎಲ್ಡೂ ಕಿವಿ ಚೆನ್ನಾಗವೆ ಅಂದ್ರು ಡಾಕ್ಟ್ರು. ಹಂಗಾದ್ರೆ ತಲಿನೇ ಕೆಟ್ಟಿರ್ಬೇಕು.” ಸ್ವಲ್ಪ ನಕ್ಕಳು. ನನಗೆ ಅಲ್ಲೇ ಎದ್ದು ಹೇಳಿಬಿಡಬೇಕು ಎನಿಸಿತು. ಸಾಲಿನಲ್ಲಿ ಜನ ಇದ್ದರು. ಹೇಳಲಿಲ್ಲ. ಆದರೆ ಆ ನಗು — ಅದನ್ನು ಹೊತ್ತುಕೊಂಡು ನನಗೆ ನಾಲ್ಕು ದಿನಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಅರ್ಜಿಯ ನಕಲು ತೆಗೆದು, ಈ ಸಲ ಅದರಲ್ಲಿದ್ದದ್ದನ್ನೇ, ಒಂದಕ್ಷರ ಬಿಡದೆ ಓದಿದೆ. ನನ್ನ ಚೆಂದದ ವಾಕ್ಯಗಳು ಆ ಜಗುಲಿಯ ಮೇಲೆ ಎಷ್ಟು ಅಸಹ್ಯವಾಗಿ ಕೇಳಿಸಿದವೆಂದರೆ... ಓದಿ ಮುಗಿಸಿದೆ. ಅವತ್ತು ನಾನು ಓದಿದ್ದು ಇದಲ್ಲ, ನೀನು ಕೇಳಿಸಿಕೊಂಡದ್ದೇ ಸರಿ, ಸುಳ್ಳು ನನ್ನದು ಅಂದೆ.

ಅವಳ ಕೈ ನಿಂತಿತ್ತು. ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟು, “ಹಂಗಾದ್ರೆ ನನ್ ಕಿವಿ ಚೆನ್ನಾಗೇ ಇದ್ವು,” ಅಂದಳು. ನನಗಲ್ಲ, ತನಗೇ. ಆಮೇಲೆ ಮುಖ ಎತ್ತಿದಳು.

“ಅವತ್ತು ಹೊಗಿದು ಓದಿದ್ರಲ್ಲ. ಅದು ಎಲ್ಲೈತೆ?”

“ಎಲ್ಲೂ ಇಲ್ಲಮ್ಮ. ಬರೀಲಿಲ್ಲ.”

“ಅದ್ನೇ ಬರ್ದಿದ್ರೆ ಆಗ್ತಿತ್ತಲ್ಲ,” ಅಂದಳು. ಬೈಗುಳ ಬಂದಿದ್ದರೆ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ಏನಾದರೂ ಹೇಳಬೇಕೆಂದು, ಎಲ್ಲವನ್ನೂ ಬರೆದು ಸಹಿ ಮಾಡಿ ಕೊಡುತ್ತೇನೆ, ನಿನಗೆ ಪಿಂಚಣಿ ಕೊಡಬೇಕೆಂದು ನನ್ನ ಹೆಸರಿನಲ್ಲೇ ಸರ್ಕಾರಕ್ಕೆ ಬರೆಯುತ್ತೇನೆ ಅಂದೆ.

“ಸರ್ಕಾರಕ್ಕೆ ಬರ್ಕೊಳ್ರಿ. ನನಗೆ ಬರ್ದು ಕೊಡೋದು ಬ್ಯಾಡ. ಬರವಣಿಗೆ ನಿಮ್ದು, ಹೆಂಗ್ ಬೇಕಾದ್ರೂ ತಿರುಗ್ತೈತೆ. ನಮ್ಮೋರ ಮೀಟಿಂಗ್ ಐತೆ ಜಗಳೂರಾಗೆ, ಸೋಮವಾರ. ಅಲ್ಲಿ ಬಾಯಾಗೆ ಹೇಳಾಕೆ ಆಗ್ತೈತೇನು?”

ಸರ್ಕಾರಕ್ಕೆ ಬರೆದೆ. ಉತ್ತರ ಬಂದಿಲ್ಲ, ಬಂದರೂ ಏನು ಬರುತ್ತದೆ ಎಂದು ಮೂವತ್ತು ವರ್ಷ ಅಂಥ ಉತ್ತರಗಳನ್ನು ಓದಿದವನಿಗೆ ಗೊತ್ತು. ಮೇಜು, ಕುರ್ಚಿ ಮನೆಗೆ ತಂದುಹಾಕಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಾಳೆಗಳಲ್ಲಿ ಸಹಿ ಹಾಕಿದವರಲ್ಲಿ ಗೋವಿನಕೋವಿಯ ಆ ಸಂಬಂಧಿಯನ್ನು ಬಿಟ್ಟರೆ ಯಾರ ಮುಖವೂ ನನಗೆ ಗೊತ್ತಿಲ್ಲ. ಅವರಲ್ಲಿ ಯಾರಿಗೆ ಏನು ಹೋಯಿತೋ ತಿಳಿಯದು. ಅವರಿಗೂ ಮುಟ್ಟಲಿ ಎಂದೇ ಇದನ್ನು ಬರೆಯುತ್ತಿರುವುದು. ಆ ನಾಲ್ಕು ಅರ್ಜಿಗಳೂ ನನ್ನವು, ಅವುಗಳಲ್ಲಿದ್ದ ಮಾತು ನಿಮ್ಮದಲ್ಲ.

ಸೋಮವಾರ ಹೋದೆ. ಶಾಲೆಯ ಒಂದು ಕೋಣೆಯಲ್ಲಿ ನಲವತ್ತು ಐವತ್ತು ಹೆಂಗಸರು ನೆಲದ ಮೇಲೆ ಕೂತಿದ್ದರು. ಕೊಟ್ರಮ್ಮ ಒಳಗೆ ಬಂದಿರಲಿಲ್ಲ, ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ರತ್ನಮ್ಮ ಐದು ನಿಮಿಷ ಕೊಟ್ಟಳು. ಕೈಯಲ್ಲಿ ಕಾಗದ ಇಲ್ಲದೆ ಹತ್ತು ಜನರ ಮುಂದೆ ಮಾತಾಡಿದವನಲ್ಲ ನಾನು; ತಡವರಿಸಿದೆ, ಎರಡು ಸಲ ಹಿಂದಿನದನ್ನೇ ಹೇಳಿದೆ. ಆದರೂ ಹೇಳಿದೆ. ಚನ್ನಗಿರಿಯ ಮಂಡಿಯಿಂದ ಹಿಡಿದು ನನ್ನ ಮೇಜಿನ ಮುಂದೆ ಆಡಿದ ಮಾತಿನ ತನಕ. ಅವಳು ನಿಮಗೆ ಹೇಳಿದ್ದು ಅಕ್ಷರಶಃ ನಾನು ಅವಳಿಗೆ ಹೇಳಿದ್ದೇ ಎಂದೆ.

ರತ್ನಮ್ಮ ಎದ್ದು ಬಾಗಿಲಿಗೆ ಹೋದಳು. “ಒಳಗ್ ಬಾರಕ್ಕಾ. ಬಂದು ಕೂತ್ಕ.” ಮುಂದಿನ ಸಾಲಿನವರು ಸರಿದು ಜಾಗ ಮಾಡಿದರು.

ಕೊಟ್ರಮ್ಮ ಆ ಜಾಗವನ್ನು ನೋಡಿದಳು.

“ನಾನು ಕೆಲಸದಾಗಿಲ್ಲಲ್ಲ ರತ್ನಮ್ಮ. ಮೀಟಿಂಗ್ ನಿಮ್ದು,” ಅಂದಳು. “ನಂಗೆ ಬಸ್ಸಿಗೆ ಹೊತ್ತಾಯ್ತು.”

ಹೋದಳು. ನಾನು ಹಿಂದೆ ಹೋಗಲಿಲ್ಲ. ಹೆಂಗಸರು ಒಬ್ಬೊಬ್ಬರೇ ಕೇಳಲು ಶುರು ಮಾಡಿದರು, ಕೆಲವರು ಬೈದರು, ಎಲ್ಲಕ್ಕೂ ನಿಂತುಕೊಂಡು ಉತ್ತರ ಹೇಳಿದೆ. ಹೋಗುವಾಗ ಕೊಟ್ರಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬಹುದು ಎಂದು ನಾನು ಕಾಯುತ್ತಿದ್ದೆ — ಇದನ್ನೂ ಒಪ್ಪಿಕೊಳ್ಳಬೇಕು.